ಮನಸ್ಸಿಗೊಂದು ಒಗ್ಗರಣೆ

ದುಃಖಪಟ್ಟವನ ಮುಖವನ್ನು ಕನ್ನಡಿಗರು ‘ಸಪ್ಪೆ ಮುಖ’ ಎಂದು ಕರೆಯುತ್ತಾರೆ. ಉಪ್ಪು ಖಾರಗಳಿಲ್ಲದ ಸಾರಿಗೂ ಉತ್ಸಾಹವಿಲ್ಲದ ಮನುಷ್ಯನಿಗೂ ಭಾಷೆ ಒಂದೇ ಮಾತನ್ನು ಇಟ್ಟುಕೊಂಡಿದೆ. ಸಿಟ್ಟಿನ ಮಾತು ಖಾರವಾದದ್ದು. ಇದ್ದುದಕ್ಕೆ ಇಲ್ಲದ್ದನ್ನು ಸೇರಿಸಿ ಹೇಳಿದರೆ ಅದು ಒಗ್ಗರಣೆ ಹಾಕಿದ ಮಾತು. ಅಸೂಯೆಯೋ, ಹೊಟ್ಟೆಯಲ್ಲಿಯೇ ಹೊತ್ತಿಕೊಳ್ಳುವ ಕಿಚ್ಚು. ಮನಸ್ಸಿನ ಸ್ಥಿತಿಗತಿಗಳನ್ನು ಅಡುಗೆಮನೆಯ ಮಾತಿನಲ್ಲಿ ಹೇಳುವ ಜನ, ಮನಸ್ಸು ಕೆಟ್ಟಾಗ ಅದಕ್ಕೆ ಮದ್ದನ್ನೂ ಅಡುಗೆಮನೆಯಲ್ಲಿಯೇ ಹುಡುಕಿದ್ದರೆ ಆಶ್ಚರ್ಯವೇನು?

ಹುಡುಕಿದ್ದು ನಿಜ. ನಿದ್ದೆ ಬಾರದವರಿಗೆ ಜಾಯಿಕಾಯಿ ತೇಯ್ದ ಹಾಲು, ಬಿಸಿಲಲ್ಲಿ ಬಂದು ಜೀವ ಕಳವಳಿಸಿದವರಿಗೆ ಏಲಕ್ಕಿಯ ಪಾನಕ, ಹೊಟ್ಟೆಯುಬ್ಬರಿಸಿ ಎದೆ ಹಿಡಿದಂತಾದವರಿಗೆ ಇಂಗಿನ ಮಜ್ಜಿಗೆ, ಪರೀಕ್ಷೆಯ ಬೆಳಗ್ಗೆ ಹೊಟ್ಟೆ ತೊಳಸುವ ಹುಡುಗನಿಗೆ ಜೀರಿಗೆಯ ಕಷಾಯ. ಇವುಗಳಿಗೆ ಚಿಕಿತ್ಸೆಯೆಂಬ ದೊಡ್ಡ ಹೆಸರೇನೂ ಇರಲಿಲ್ಲ. ‘ಇದನ್ನು ಕುಡಿ, ಸರಿಹೋಗುತ್ತೆ’ ಎಂದು ಅಜ್ಜಿ ಲೋಟವನ್ನು ಮುಂದಿಟ್ಟರೆ ಮುಗಿಯಿತು. ಕುಡಿದವರಿಗೆ ಬಹುಮಟ್ಟಿಗೆ ಸರಿಯೂ ಹೋಗುತ್ತಿತ್ತು.

ಅದರಲ್ಲಿ ಸಾಂಬಾರ ಪದಾರ್ಥದ ಪಾಲೆಷ್ಟು, ಅಜ್ಜಿಯ ಪಾಲೆಷ್ಟು? ಪ್ರಶ್ನೆ ತಮಾಷೆಯದಲ್ಲ. ಅರಿಸಿನವನ್ನೂ ಕೇಸರಿಯನ್ನೂ ಮಾತ್ರೆಯ ರೂಪಕ್ಕಿಳಿಸಿ ‘ಮನಶ್ಶಾಂತಿ’ಯ ಭರವಸೆಯೊಡನೆ ಮಾರುವ ಕಾಲವಿದು. ಅಲ್ಲದೆ, ಕಷಾಯದಿಂದ ಗುಣವಾಗದ ಕೆಲವು ದುಃಖಗಳುಂಟು. ಅವುಗಳಿಗೂ ಕಷಾಯವನ್ನೇ ಕುಡಿಸುತ್ತ ಕುಳಿತರೆ ಹೊತ್ತು ಮೀರುತ್ತದೆ.

ಒಗ್ಗರಣೆಯಿಂದಲೇ ಆರಂಭಿಸಬಹುದು. ಎಣ್ಣೆ ಕಾದಾಗ ಸಾಸಿವೆಯೊಳಗಿನ ತೇವ ಆವಿಯಾಗಿ ಕಾಳು ಸಿಡಿಯುತ್ತದೆ. ಜೀರಿಗೆ, ಇಂಗು, ಕರಿಬೇವುಗಳ ಪರಿಮಳ ನೀರಿಗಿಂತ ಎಣ್ಣೆ ತುಪ್ಪಗಳಲ್ಲಿ ಬೇಗ ಬಿಡುತ್ತದೆ. ಆದ್ದರಿಂದಲೇ ಬೆಂದ ಬೇಳೆಗೆ ಅವನ್ನು ಹಾಗೆಯೇ ಉದುರಿಸದೆ ಸೌಟಿನಲ್ಲಿ ಕಾಯಿಸಿ ಸುರಿಯುವ ಪದ್ಧತಿ. ಆ ಸದ್ದು ನಡುಮನೆಗೆ ಕೇಳಿಸಿ, ಅದರ ಹಿಂದೆಯೇ ಘಮಲು ಬಂದಾಗ ಶಾಲೆಯಿಂದ ಬಂದ ಮಗುವಿಗೆ ‘ಮನೆಗೆ ಬಂದೆ’ ಎಂಬ ನೆಮ್ಮದಿ ಮೂಡುತ್ತದಲ್ಲ, ಅದಕ್ಕೆ ಶರೀರದಲ್ಲಿ ಕಾರಣವಿದೆ. ಕಣ್ಣು, ಕಿವಿ, ಚರ್ಮಗಳು ತರುವ ಸುದ್ದಿ ಮಿದುಳಿನ ಮಧ್ಯದಲ್ಲಿರುವ ಥಲಾಮಸ್ ಎಂಬ ಹೆಬ್ಬಾಗಿಲನ್ನು ಹಾದು ಒಳಹೋಗಬೇಕು. ವಾಸನೆಗೆ ಆ ಕಟ್ಟುಪಾಡಿಲ್ಲ. ಬಳಕೆಯ ನೆಂಟನಂತೆ ಅದು ಹಿತ್ತಿಲ ಬಾಗಿಲಿನಿಂದ ನೇರವಾಗಿ ಭಾವನೆಯ ಮತ್ತು ನೆನಪಿನ ಕೇಂದ್ರಗಳನ್ನು ಸೇರಿಬಿಡುತ್ತದೆ. ಮೂಗು ವಾಸನೆಗಳನ್ನು ಹೇಗೆ ಗುರುತಿಸುತ್ತದೆಂಬುದನ್ನು ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಎಂಬ ಅಮೆರಿಕದ ವಿಜ್ಞಾನಿಗಳು 1991ರಲ್ಲಿ ಬಿಡಿಸಿ ತೋರಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ನಲವತ್ತು ವರ್ಷದ ಹಿಂದೆ ತೀರಿಹೋದ ತಾಯಿಯ ಸಾರು ಯಾರದೋ ಮನೆಯ ಕಿಟಕಿಯಿಂದ ಹಾದು ಬಂದು ಬೀದಿಯಲ್ಲಿ ಹೋಗುವವರನ್ನು ತಡೆದು ನಿಲ್ಲಿಸುವುದು ಈ ಹಿತ್ತಿಲ ಬಾಗಿಲಿನ ಕೆಲಸ.

ಸಾವಾದ ಮನೆಯಲ್ಲಿ ಸೂತಕ ಕಳೆಯುವವರೆಗೆ ಒಗ್ಗರಣೆ ಹಾಕಬಾರದೆಂಬ ನಿಯಮ ಕೆಲವು ಮನೆತನಗಳಲ್ಲಿ ಉಂಟು. ಬೇಯಿಸಿದ್ದನ್ನು ಸಪ್ಪಗೆ ಉಣ್ಣಬೇಕು. ನೆರೆಯವರು, ನೆಂಟರು ತಂದುಕೊಟ್ಟದ್ದನ್ನು ತಿನ್ನಬೇಕು. ದುಃಖದ ಮನೆಯಲ್ಲಿ ಘಮಘಮಿಸುವ ಅಡುಗೆ ಸಲ್ಲದೆಂಬ ಭಾವನೆ ಇದರ ಹಿಂದಿರಬಹುದು. ಆದರೆ ಶುದ್ಧವಾದ ದಿನ ಮತ್ತೆ ಸಾಸಿವೆ ಸಿಡಿದಾಗ, ಈ ಮನೆಯಲ್ಲಿ ಇನ್ನು ಬದುಕು ನಡೆಯಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ವರ್ಷ ತುಂಬಿ ಶ್ರಾದ್ಧ ಬಂದಾಗ ಸಾಂಪ್ರದಾಯಿಕ ಅಡುಗೆಯಲ್ಲಿ ಮೆಣಸಿನಕಾಯಿಯ ಬದಲು ಕರಿಮೆಣಸೇ ಬೀಳುತ್ತದೆ. ಪೋರ್ಚುಗೀಸರ ಹಡಗಿನಲ್ಲಿ ಹದಿನಾರನೆಯ ಶತಮಾನದಲ್ಲಿ ಬಂದ ಮೆಣಸಿನಕಾಯಿಯನ್ನು ಪಿತೃಗಳು ಇನ್ನೂ ಒಪ್ಪಿಕೊಂಡಿಲ್ಲ! ಮೆಣಸು ಮೊದಲು, ಆಮೇಲೆ ಅದರಂತೆ ಉರಿಯುವ ‘ಮೆಣಸಿನ ಕಾಯಿ’. ಹೆಸರಿನಲ್ಲಿಯೇ ಇತಿಹಾಸ ಕುಳಿತಿದೆ.

ಹೊಟ್ಟೆಗೂ ಮನಸ್ಸಿಗೂ ಇರುವ ನೆಂಟಸ್ತನ ಇನ್ನೊಂದು ಸಂಗತಿ. ‘ಜೀರಕ’ ಎಂಬ ಸಂಸ್ಕೃತ ಪದ ಜೀರ್ಣವೆಂಬ ಮಾತಿನ ಬಳಗದ್ದು. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಇಲಿಗಳಿಗೆ ಜೀರಿಗೆ, ಶುಂಠಿ, ಮೆಂತ್ಯ, ಇಂಗು ಮೊದಲಾದವನ್ನು ತಿನ್ನಿಸಿ ಪರೀಕ್ಷಿಸಿದಾಗ, ಪಿತ್ತರಸದ ಸ್ರಾವವೂ ಆಹಾರವನ್ನು ಅರಗಿಸುವ ಕಿಣ್ವಗಳ ಕೆಲಸವೂ ಚುರುಕಾದುದು ಕಂಡುಬಂದಿತು. ಇಲಿಗೆ ಆದದ್ದೆಲ್ಲ ಮನುಷ್ಯನಿಗೆ ಆಗಬೇಕೆಂದಿಲ್ಲವಾದರೂ ಕಷಾಯದ ಲೋಟಕ್ಕೆ ಇದು ಒಳ್ಳೆಯ ಸಾಕ್ಷಿಯೇ. ಭಯಪಟ್ಟಾಗ ಹೊಟ್ಟೆ ಕಲಸುತ್ತದೆ. ಹೊಟ್ಟೆ ಕಲಸಿದಾಗ ಭಯ ಇಮ್ಮಡಿಸುತ್ತದೆ. ಈ ಸುತ್ತನ್ನು ಹೊಟ್ಟೆಯ ಕಡೆಯಿಂದ ಕತ್ತರಿಸುವುದು ಜಾಣತನ. ಇಂಗಿನ ಕಥೆ ಇನ್ನೂ ವಿಚಿತ್ರ. ಅಫ್ಘಾನಿಸ್ತಾನ, ಇರಾನುಗಳ ಒಂದು ಗಿಡದ ಬೇರಿನಿಂದ ಒಸರುವ ಈ ಅಂಟನ್ನು ಹತ್ತೊಂಬತ್ತನೆಯ ಶತಮಾನದ ಯೂರೋಪಿನ ವೈದ್ಯರು ‘ಹಿಸ್ಟೀರಿಯಾ’ ಎಂದು ಆಗ ಕರೆಯುತ್ತಿದ್ದ ಕಾಯಿಲೆಗೆ ಕೊಡುತ್ತಿದ್ದರು. ಪಾಪ, ಅವರು ಅದನ್ನು ಎಣ್ಣೆಯಲ್ಲಿ ಹುರಿಯಲು ಅರಿಯರು. ರೋಗಿ ಅದರ ನಾತಕ್ಕೆ ಬೆದರಿಯೇ ತೆಪ್ಪಗಾಗುತ್ತಿದ್ದರೋ ಏನೋ.

ಜಾಯಿಕಾಯಿಯ ವಿಷಯದಲ್ಲಿ ಮಾತ್ರ ತಮಾಷೆ ಸಲ್ಲದು. ಇಂದು ಕರಾವಳಿ ಮತ್ತು ಮಲೆನಾಡಿನ ಅಡಕೆ ತೋಟಗಳಲ್ಲಿ ಬೆಳೆಯುವ ಈ ಕಾಯಿಯ ಮೂಲ ಇಂಡೋನೇಷ್ಯದ ಬಂಡಾ ದ್ವೀಪಗಳು. ಅದರ ವ್ಯಾಪಾರಕ್ಕಾಗಿ ಡಚ್ಚರು 1621ರಲ್ಲಿ ಅಲ್ಲಿಯ ಜನರನ್ನು ಬಹುಪಾಲು ನಿರ್ನಾಮ ಮಾಡಿದರು. 1667ರ ಒಪ್ಪಂದದಲ್ಲಿ ರನ್ ಎಂಬ ಪುಟ್ಟ ಜಾಯಿಕಾಯಿ ದ್ವೀಪ ಡಚ್ಚರಿಗೂ, ಇಂದು ನ್ಯೂಯಾರ್ಕ್ ಆಗಿರುವ ಊರು ಇಂಗ್ಲಿಷರಿಗೂ ಉಳಿಯಿತು. ಅಷ್ಟು ರಕ್ತ ಹರಿಸಿದ ಕಾಯಿ ಕನ್ನಡದ ಮನೆಗಳಲ್ಲಿ ನಿದ್ದೆಯ ಮದ್ದಾಗಿ ಕುಳಿತದ್ದು ಕಾಲದ ವಿನೋದ. ತೇಯುವ ಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದು ಹಾಲಿಗೆ ಬೆರೆಸಿದರೆ ದೊಡ್ಡವರಿಗೆ ಕೇಡಿಲ್ಲ. ‘ಒಂದೆರಡು ಸುತ್ತು’ ಎಂಬ ಅಳತೆಯಲ್ಲಿಯೇ ಹಿರಿಯರ ವಿವೇಕವೆಲ್ಲ ಅಡಗಿದೆ. ಏಕೆಂದರೆ ಒಂದು ಸಣ್ಣ ಕಾಯಿಯ ತೂಕವಾದ 5 ಗ್ರಾಮಿನಷ್ಟು ಪುಡಿ ಹೊಟ್ಟೆಗೆ ಹೋದರೆ ಎದೆ ಬಡಿತ, ವಾಂತಿ, ಭ್ರಮೆಗಳು ಕಾಣಿಸಿಕೊಂಡು ಆಸ್ಪತ್ರೆ ಸೇರಬೇಕಾದೀತು. ಹಸುಗೂಸುಗಳಿಗೆ ಜಾಯಿಕಾಯಿ, ಬಜೆಗಳನ್ನು ತೇಯ್ದು ನೆಕ್ಕಿಸುವ ರೂಢಿಯನ್ನು ಬಿಡುವುದೇ ಒಳ್ಳೆಯದು. ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂದು ಮಕ್ಕಳ ವೈದ್ಯರು ಖಂಡಿತವಾಗಿ ಹೇಳುತ್ತಾರೆ.

ಇನ್ನು ಕೇಸರಿ. ಬಸುರಿಗೆ ಕೇಸರಿಯ ಹಾಲು ಕುಡಿಸುವುದು ಮಗು ಬೆಳ್ಳಗೆ ಹುಟ್ಟಲೆಂದು. ಮಗುವಿನ ಬಣ್ಣ ತಂದೆತಾಯಿಗಳಿಂದ ಬರತಕ್ಕದ್ದು. ಕೇಸರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಸೋಜಿಗವೆಂದರೆ, ಇಲ್ಲಿ ಯಾವ ಗುಣಕ್ಕಾಗಿ ಯಾರೂ ಅದನ್ನು ಕುಡಿಯುವುದಿಲ್ಲವೋ ಆ ಗುಣಕ್ಕೇ ಸಾಕ್ಷ್ಯ ದೊರೆತಿದೆ. ಸುಮಾರು ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ಎಂಬ ಮಹಾವೈದ್ಯನು ಹೃದಯದ ಔಷಧಗಳನ್ನು ಕುರಿತ ತನ್ನ ಗ್ರಂಥದಲ್ಲಿ ಕೇಸರಿಯನ್ನು ಉಲ್ಲಾಸ ತರುವ ದ್ರವ್ಯಗಳ ಸಾಲಿಗೆ ಸೇರಿಸಿದ್ದನು. ಅದನ್ನು ಪರೀಕ್ಷಿಸಿ ನೋಡಿದವರು ಟೆಹರಾನಿನ ವೈದ್ಯರು. 2004ರಲ್ಲಿ 30 ಮಂದಿ ರೋಗಿಗಳಲ್ಲಿಯೂ, 2005ರಲ್ಲಿ 40 ಮಂದಿಯಲ್ಲಿಯೂ, ಆರು ವಾರಗಳ ಕಾಲ ದಿನಕ್ಕೆ 30 ಮಿಲಿಗ್ರಾಂ ಕೇಸರಿಯ ಸಾರವನ್ನು ಖಿನ್ನತೆಗೆ ಕೊಡುವ ಪ್ರಸಿದ್ಧ ಮಾತ್ರೆಗಳೊಡನೆ ಹೋಲಿಸಿ ನೋಡಿದರು. ಅಷ್ಟೇನೂ ತೀವ್ರವಲ್ಲದ ಖಿನ್ನತೆಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಹೆರಿಗೆಯ ನಂತರದ ಖಿನ್ನತೆಯಿದ್ದ ತಾಯಂದಿರಲ್ಲಿಯೂ ಇಂಥ ಪರೀಕ್ಷೆ ನಡೆಯಿತು. ಪರೀಕ್ಷೆಗಳು ಚಿಕ್ಕವು, ಕಾಲಾವಧಿ ಕಡಿಮೆ. ಇವನ್ನು ನಂಬಿ ಯಾರೂ ತಮ್ಮ ಮಾತ್ರೆಯನ್ನು ಬಿಡಲಾಗದು, ಮಾತ್ರೆಯ ಜೊತೆಗೆ ಕೇಸರಿಯ ಗುಳಿಗೆಯನ್ನು ವೈದ್ಯರಿಗೆ ಹೇಳದೆ ಸೇರಿಸಲೂಬಾರದು. ಬಸುರಿಯರಿಗಂತೂ ಹೆಚ್ಚು ಪ್ರಮಾಣ ಅಪಾಯಕರ. ಒಂದು ಗ್ರಾಂ ಕೇಸರಿಗೆ ಸುಮಾರು 150 ಹೂಗಳು ಬೇಕು. ಒಂದು ಹೂವಿಗೆ ಮೂರೇ ಎಸಳು. ಈ ಲೆಕ್ಕದಲ್ಲಿ 30 ಮಿಲಿಗ್ರಾಂ ಎಂದರೆ ಹದಿಮೂರು ಹದಿನಾಲ್ಕು ಎಸಳು. ಮಧ್ಯಮ ವರ್ಗದ ಮನೆಯಲ್ಲಿ ನಾಲ್ಕು ಎಸಳನ್ನು ಎಣಿಸಿ ಹಾಕುವ ಗೃಹಿಣಿಯ ಕೈಯಲ್ಲಿ ಅಪಾಯಕ್ಕೂ ಆಸ್ಪದವಿಲ್ಲ, ಪರೀಕ್ಷೆಯ ಫಲಕ್ಕೂ ಆಸ್ಪದವಿಲ್ಲ.

ಅರಿಸಿನದ ಹಾಲಿಗೆ ಕರಿಮೆಣಸು ಸೇರಿಸುವ ರೂಢಿಗೆ ಬೆಂಗಳೂರೇ ಸಾಕ್ಷ್ಯ ಒದಗಿಸಿದೆ. ಅರಿಸಿನದ ಮುಖ್ಯ ಸತ್ವವಾದ ಕರ್ಕ್ಯುಮಿನ್ ಬರಿದಾಗಿ ತಿಂದರೆ ರಕ್ತವನ್ನು ಸೇರುವುದು ಅತ್ಯಲ್ಪ. ಅದರ 2 ಗ್ರಾಮಿನೊಡನೆ ಕರಿಮೆಣಸಿನ ಸತ್ವ 20 ಮಿಲಿಗ್ರಾಂ ಕೊಟ್ಟಾಗ ರಕ್ತ ಸೇರುವ ಪ್ರಮಾಣ ಶೇಕಡ 2000ದಷ್ಟು ಏರಿತೆಂದು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದರು. ಅದು ಮನಸ್ಸಿನ ಮೇಲೆ ಮಾಡುವ ಪರಿಣಾಮದ ಬಗೆಗೆ ಮಾತ್ರ ಸಾಕ್ಷ್ಯ ಇನ್ನೂ ತೆಳುವಾಗಿಯೇ ಇದೆ.

ಮೆಣಸಿನಕಾಯಿಗೆ ಇನ್ನೊಂದು ಉಪಕಾರ ಸಲ್ಲುತ್ತದೆ. ಅದು ಯಾವ ಪ್ರಯೋಗಶಾಲೆಯಲ್ಲಿಯೂ ಅಳೆದದ್ದಲ್ಲ. ಖಾರವೆಂಬುದು ನಾಲಗೆಯ ರುಚಿಯಲ್ಲ, ಉರಿ. ಬಿಸಿಯನ್ನು ತಿಳಿಸುವ ನರದ ತುದಿಯನ್ನೇ ಮೆಣಸಿನಕಾಯಿಯ ಸತ್ವ ಕೆಣಕುತ್ತದೆಂದು ಡೇವಿಡ್ ಜೂಲಿಯಸ್ 1997ರಲ್ಲಿ ತೋರಿಸಿ, 2021ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಉರಿಗೆ ಕಣ್ಣಲ್ಲಿ ನೀರು ಬರುತ್ತದೆ. ಹತ್ತು ಹದಿನೈದು ಜನರ ಕೂಡುಕುಟುಂಬದಲ್ಲಿ ಹೆಣ್ಣುಮಗಳೊಬ್ಬಳು ಒಬ್ಬಳೇ ಕುಳಿತು ಅಳಲು ಜಾಗವಿರಲಿಲ್ಲ, ಅತ್ತರೆ ‘ಏನಾಯಿತು?’ ಎಂದು ಕೇಳುವವರು ಹತ್ತು ಮಂದಿ. ಒಣಮೆಣಸಿನಕಾಯಿ ಹುರಿಯುವಾಗ, ಈರುಳ್ಳಿ ಹೆಚ್ಚುವಾಗ, ಹಸಿ ಸೌದೆಯ ಒಲೆ ಊದುವಾಗ ಯಾರೂ ಏನೂ ಕೇಳರು. ‘ಘಾಟು’ ಎಂದರೆ ಸಾಕು. ಎಷ್ಟು ಮನೆಗಳ ಎಷ್ಟು ದುಃಖ ಹಾಗೆ ಹೊಗೆಗೂಡಿನಲ್ಲಿ ಹೊರಟುಹೋಗಿದೆಯೋ ಲೆಕ್ಕವಿಟ್ಟವರಿಲ್ಲ.

ಸಾಂಬಾರ ಪದಾರ್ಥಗಳೆಲ್ಲ ದಂಡು ಕಟ್ಟಿ ಬರುವುದು ಬಾಣಂತಿಯ ಕೋಣೆಗೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಹುಡುಗಿ ಏಳನೆಯ ತಿಂಗಳಲ್ಲಿ ಬರುವ ಮೊದಲೇ ತಾಯಿ ಒಣಶುಂಠಿ, ಹಿಪ್ಪಲಿ, ಕರಿಮೆಣಸು, ಓಮ, ಜೀರಿಗೆ, ಮೆಂತ್ಯ, ಲವಂಗ, ಜಾಯಿಕಾಯಿ, ಜಾಪತ್ರೆಗಳನ್ನು ತರಿಸಿ, ಆರಿಸಿ, ಬಿಸಿಲಿಗೆ ಹಾಕಿರುತ್ತಾಳೆ. ಬೆಲ್ಲದ ಪಾಕದಲ್ಲಿ ತುಪ್ಪ ಬಿಡುತ್ತ ಕಾಯಿಸಿದರೆ ಲೇಹ. ಉತ್ತರದ ಜಿಲ್ಲೆಗಳಲ್ಲಿ ಅಂಟು, ಕೊಬ್ಬರಿ, ಉತ್ತುತ್ತಿಗಳನ್ನು ಸೇರಿಸಿ ಕಟ್ಟಿದರೆ ಅಂಟಿನುಂಡೆ. ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಎಣ್ಣೆನೀರು. ಮಿಂದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿಯ ಹೊಗೆ. ಇದರ ಬೇರು ಆಳವಾದದ್ದು. ಹೆತ್ತವಳಿಗೆ ಹಿಪ್ಪಲಿ, ಶುಂಠಿ ಮೊದಲಾದವುಗಳ ಪುಡಿಯನ್ನು ತುಪ್ಪದೊಡನೆ ಕೊಡುವ ಕ್ರಮ ಚರಕಸಂಹಿತೆಯ ಶಾರೀರಸ್ಥಾನದಲ್ಲಿಯೇ ಇದೆ.

ಎಲ್ಲವೂ ಮೈಯ ಸಲುವಾಗಿ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಮಗ್ಗುಲಲ್ಲಿ ಕುಳಿತು ನೋಡಿದರೆ ಬೇರೆಯೇ ಅರ್ಥ ಕಾಣುತ್ತದೆ. ಲೇಹವನ್ನು ದಿನಕ್ಕೆರಡು ಸಲ ನೆಲ್ಲಿಕಾಯಿ ಗಾತ್ರ ತಿನ್ನಿಸಲು ಒಬ್ಬರು ಕೋಣೆಗೆ ಬರಲೇಬೇಕು. ಸಾರು ಬಿಸಿಯಾಗಿಯೇ ಇರಬೇಕಾದ್ದರಿಂದ ಹೊತ್ತಿಗೆ ಸರಿಯಾಗಿ ಕಾಯಿಸಿಕೊಡಲೇಬೇಕು. ‘ಏನು ತಿಂದೆ? ನಿದ್ದೆ ಬಂತೇ?’ ಎಂದು ವಿಚಾರಿಸಲೇಬೇಕು. ಮಗು ಹಠ ಮಾಡಿ ಅತ್ತು, ತಾಯಿ ಕಂಗೆಟ್ಟಳೋ, ಮನೆಯ ಹಿರಿಯಳು ಉಪ್ಪು, ಸಾಸಿವೆ, ಒಣಮೆಣಸಿನಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಒಲೆಗೆ ಹಾಕುತ್ತಾಳೆ. ಘಾಟು ಬಾರದಿದ್ದರೆ ‘ನೋಡು, ಎಷ್ಟು ದೃಷ್ಟಿಯಾಗಿತ್ತು!’ ದೃಷ್ಟಿಯನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ‘ತಪ್ಪು ನಿನ್ನದಲ್ಲ ಕಣಮ್ಮ’ ಎಂಬ ಮಾತನ್ನು ಆ ಎಳೆಯ ತಾಯಿಗೆ ಅದಕ್ಕಿಂತ ನಯವಾಗಿ ಹೇಳುವ ಉಪಾಯ ಆ ಮನೆಗೆ ತಿಳಿದಿರಲಿಲ್ಲ.

ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು, ರೇಗುವುದು, ದಿಗಿಲಾಗುವುದು ಬಹುಮಂದಿ ತಾಯಂದಿರ ಅನುಭವ. ಅದು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಲೇಹ, ಸಾರು, ನಿದ್ದೆ, ತಾಯಿಯ ತೊಡೆ, ಇಷ್ಟು ಸಾಕು. ಎರಡು ವಾರ ಕಳೆದರೂ ಇಳಿಯದ್ದು ಬೇರೆ ಜಾತಿಯದು. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಲೇಖನದಂತೆ, ಹೆತ್ತ ತಾಯಂದಿರಲ್ಲಿ ಶೇಕಡ 22 ಮಂದಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಎಂದರೆ ಐವರಲ್ಲಿ ಒಬ್ಬಳು. ಅವಳು ಮಗುವನ್ನು ಎತ್ತಿಕೊಳ್ಳಲು ಹಿಂಜರಿಯುತ್ತಾಳೆ. ಮಗು ಮಲಗಿದರೂ ಅವಳಿಗೆ ನಿದ್ದೆಯಿಲ್ಲ. ತಾನು ಕೆಟ್ಟ ತಾಯಿ, ತಾನಿಲ್ಲದಿದ್ದರೇ ಮಗುವಿಗೆ ಕ್ಷೇಮ ಎಂಬ ಯೋಚನೆ ಹತ್ತುತ್ತದೆ. ಸಂಪ್ರದಾಯ ಇಲ್ಲಿ ಎಡವುತ್ತದೆ. ‘ಶೀತವಾಗಿದೆ, ಇನ್ನಷ್ಟು ಶುಂಠಿ ಕೊಡಿ’, ‘ಗಾಳಿ ಸೋಕಿದೆ’, ‘ನಾವೆಲ್ಲ ಹೆರಲಿಲ್ಲವೇ?’ ಈ ಮಾತುಗಳಲ್ಲಿ ಮೊದಲಿನ ಎರಡು ಅಜ್ಞಾನ. ಮೂರನೆಯದು ಕ್ರೌರ್ಯ, ಆಡಿದವರಿಗೆ ಅದು ಅರಿವಿಲ್ಲದಿದ್ದರೂ.

ಇಂಥವಳಿಗೆ ಬೇಕಾದದ್ದು ವೈದ್ಯರು, ಅದೂ ತಡಮಾಡದೆ. ಮಗುವಿಗೆ ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ. ಮಾತುಕತೆಯ ಚಿಕಿತ್ಸೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲು ರಾತ್ರಿಯೆನ್ನದೆ ದೂರವಾಣಿ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಬಾಣಂತಿಯೇ ಮಾಡಬೇಕೆಂದೂ ಇಲ್ಲ; ಗಂಡನೋ ತಾಯಿಯೋ ಮಾಡಬಹುದು. ತಾಯಿಯ ಕಡೆಗೂ ಒಂದು ಕಣ್ಣಿರಲಿ. ಎಲ್ಲರ ನಾಡಿಯನ್ನೂ ಮುಖದಲ್ಲಿಯೇ ಓದಿ ಕಷಾಯ ಕಾಸಿಕೊಡುವ ಈ ಹಿರಿಯಾಕೆ ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದದ್ದನ್ನು ಉಂಡು ಮಲಗುವವಳು. ಅವಳಿಗೆ ಜೀರಿಗೆ ಕಷಾಯ ಕಾಸಿಕೊಟ್ಟವರ ಸುದ್ದಿ ಅಪರೂಪ.

ಪಟ್ಟಣದ ಸಣ್ಣ ಸಂಸಾರಗಳಲ್ಲಿ ತವರೂ ದೂರ, ಅಜ್ಜಿಯೂ ದೂರ. ಲೇಹ ಅಂಗಡಿಯಲ್ಲಿ ಡಬ್ಬಿಯಲ್ಲಿ ದೊರೆಯುತ್ತದೆ. ಬಿಸಿ ಸಾರು ಮಾತ್ರ ಹಾಗೆ ದೊರೆಯದು. ಬಾಣಂತಿಯನ್ನು ನೋಡಲು ಹೋಗುವ ನೆರೆಯವರು ಮಗುವಿನ ಅಂಗಿಯ ಬದಲು ಇದನ್ನು ಒಯ್ದರೆ ಹೆಚ್ಚು ಉಪಯೋಗ. ಒಂದು ಚಮಚ ಕರಿಮೆಣಸು, ಎರಡು ಚಮಚ ಜೀರಿಗೆಗಳನ್ನು ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿದು ತರಿಯಾಗಿ ಕುಟ್ಟಬೇಕು. ನಿಂಬೆ ಗಾತ್ರದಲ್ಲಿ ಅರ್ಧದಷ್ಟು ಹುಣಸೆಹಣ್ಣಿನ ರಸಕ್ಕೆ ಉಪ್ಪು, ಅರಿಸಿನ, ಚಿಕ್ಕ ಚೂರು ಬೆಲ್ಲ ಹಾಕಿ ಹಸಿ ವಾಸನೆ ಹೋಗುವಂತೆ ಕುದಿಸಿ, ಬೇಯಿಸಿದ ತೊಗರಿಬೇಳೆಯ ತಿಳಿಯನ್ನೂ ಕುಟ್ಟಿದ ಪುಡಿಯನ್ನೂ ಸೇರಿಸಿ ಒಂದು ಕುದಿ ಬಂದೊಡನೆ ಇಳಿಸಬೇಕು. ಮೇಲೆ ತುಪ್ಪದಲ್ಲಿ ಸಾಸಿವೆ, ನಾಲ್ಕೈದು ಜಜ್ಜಿದ ಬೆಳ್ಳುಳ್ಳಿ ಎಸಳು, ಕರಿಬೇವಿನ ಒಗ್ಗರಣೆ. ಈ ಅಳತೆಗೆ ಎರಡು ದೊಡ್ಡ ಲೋಟ ಸಾರಾಗುತ್ತದೆ. ಬಾಣಂತಿಗೆ ಒಂದು, ಅವಳ ಬಳಿ ರಾತ್ರಿ ಎದ್ದು ಕೂರುವವಳಿಗೆ ಒಂದು.